ಇಂದಿನ ಧಮ್ಮಚಿಂತನೆ: ಖಾಲಿ ತಕ್ಕಡಿ



ನನ್ನ ಅಮ್ಮ ಬಂಟ್ವಾಳದಲ್ಲಿ ಬೀಡಿ ಕಟ್ಟುತ್ತಿದ್ದರು. ಬ್ರಾಂಚಿನಲ್ಲಿ ಎಲೆ, ಹೊಗೆಸೊಪ್ಪು ತೂಗುವ ಮೊದಲೇ ಅವರ ಕಣ್ಣು ಖಾಲಿ ತಕ್ಕಡಿಯ ಮೇಲೆ. ಖಾಲಿ ಇರುವಾಗಲೇ ಒಂದು ತಟ್ಟೆ ಕೆಳಗಿದ್ದರೆ, ಆಮೇಲೆ ಮುಳ್ಳು ಎಷ್ಟು ನೆಟ್ಟಗೆ ನಿಂತರೂ ತೂಕ ಮೋಸವೇ. ಒಮ್ಮೆ ಇದನ್ನು ಬಾಯಿಬಿಟ್ಟು ಹೇಳಿದರು. ಆ ವಾರ ಅವರ ಬೀಡಿಯಲ್ಲಿ ಅರ್ಧಕ್ಕರ್ಧ ‘ಸರಿಯಿಲ್ಲ’ ಎಂದು ಹಿಂದೆ ಬಂತು.

ಕಳೆದ ಭಾನುವಾರ ಬೆಳ್ತಂಗಡಿಯ ಅಧ್ಯಯನಕ್ಕೆ ಬಂದಿದ್ದ ಡಿಗ್ರಿ ಓದುವ ಹುಡುಗಿ ಕೇಳಿದಳು: “ಟೀಚರ್, ಕೋರ್ಟು ಸಮತೋಲನ ಅಂತ ಹೇಳುವಾಗೆಲ್ಲ ಕಡಿಮೆ ಆಗುವುದು ನಮ್ಮ ಪಾಲೇ ಯಾಕೆ?”

ಅವಸರದ ಉತ್ತರ ಬೇಡ. ಬಾಬಾಸಾಹೇಬರೇ 1948ರ ನವೆಂಬರ್ 30ರಂದು ಸಂವಿಧಾನ ಸಭೆಯಲ್ಲಿ, ನೂರರಲ್ಲಿ 70 ಹುದ್ದೆ ಮೀಸಲಾದರೆ ಸಮಾನ ಅವಕಾಶದ ತತ್ವ ಉಳಿಯುವುದಿಲ್ಲ, ಮೀಸಲು ಕಡಿಮೆ ಭಾಗಕ್ಕೆ ಸೀಮಿತವಾಗಬೇಕು ಎಂದಿದ್ದರು. ಈ ಮಾತನ್ನು ನಾವು ಹೆಚ್ಚು ಎತ್ತುವುದಿಲ್ಲ. ಆದರೆ ಆಡಳಿತ ಇಷ್ಟು ಕಾಲ ಕೆಲವೇ ಸಮುದಾಯಗಳ ಕೈಯಲ್ಲಿತ್ತು ಎಂಬುದನ್ನೂ ಅವರು ಅದೇ ಭಾಷಣದಲ್ಲಿ ಹೇಳಿದರು. ಖಾಲಿ ತಕ್ಕಡಿ ನೋಡಿಯೇ ತೂಗಿದರು.

1962ರಲ್ಲಿ ಮೈಸೂರು ಸರ್ಕಾರ ವೈದ್ಯಕೀಯ, ಇಂಜಿನಿಯರಿಂಗ್ ಸೀಟುಗಳಲ್ಲಿ ಶೇ 68 ಮೀಸಲಿಟ್ಟಿತು. ಅದರಲ್ಲಿ ಪರಿಶಿಷ್ಟರದ್ದು 18. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ, ಸ್ಥೂಲವಾಗಿ 50ರ ಒಳಗಿರಲಿ ಎಂದಿತು. ‘ಸ್ಥೂಲವಾಗಿ’ ಎಂದದ್ದು ಮುಂದೆ ಗಟ್ಟಿ ಗೆರೆಯಾಯಿತು. 2022ರಲ್ಲಿ, ಮೀಸಲಾತಿ ಇಲ್ಲದ ವರ್ಗಗಳ ಬಡವರಿಗೆ ಶೇ 10 ಕೊಡುವ ಪ್ರಶ್ನೆ ಬಂದಾಗ ಅದೇ ಗೆರೆ ಸಡಿಲವಾಯಿತು. ಹುಡುಗಿಯ ಸಿಟ್ಟಿನ ಬೇರು ಅಲ್ಲಿದೆ.

ಆದರೂ ಅವಳಿಗೆ ನಾನು ಹೇಳಿದ್ದು ಪವಿತ್ರ ಪ್ರಕರಣ. ಬಡ್ತಿ ಪಡೆದ ಪರಿಶಿಷ್ಟ ನೌಕರರ ಜ್ಯೇಷ್ಠತೆ ಕಾಯುವ ನಮ್ಮ ರಾಜ್ಯದ 2002ರ ಕಾಯ್ದೆಯನ್ನು 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತಳ್ಳಿತು. ಪ್ರಾತಿನಿಧ್ಯ ಕಡಿಮೆ ಎಂಬುದಕ್ಕೆ ಲೆಕ್ಕ ಎಲ್ಲಿ ಎಂದು ಕೇಳಿತು. ಹಿಂಬಡ್ತಿಯ ಭಯದಲ್ಲಿ ಆ ಎರಡು ವರ್ಷ ನಿದ್ದೆಗೆಟ್ಟವರು ನಮ್ಮ ಮನೆಗಳಲ್ಲೇ ಇದ್ದಾರೆ. ರತ್ನಪ್ರಭಾ ಸಮಿತಿ ಲೆಕ್ಕ ತೆಗೆಯಿತು, 2018ರಲ್ಲಿ ಹೊಸ ಕಾಯ್ದೆ ಬಂತು, 2019ರ ಮೇ 10ರಂದು ಅದೇ ಕೋರ್ಟು ಅದನ್ನು ಎತ್ತಿಹಿಡಿಯಿತು. ಎಲ್ಲರನ್ನೂ ಒಳಗೊಳ್ಳುವುದೂ ದಕ್ಷತೆಯ ಭಾಗ ಎಂದಿತು. ಖಾಲಿ ತಟ್ಟೆ ಎಷ್ಟು ವಾಲಿದೆ ಎಂದು ಅಂಕಿಯಲ್ಲಿ ತೋರಿಸಿದ ಮೇಲೆ ತೀರ್ಪು ಬದಲಾಯಿತು.

ವೀಣೆ ಬಲ್ಲ ಸೋಣನಿಗೆ ಭಗವಾನರು ತಂತಿ ಬಿಗಿಯೂ ಬೇಡ, ಸಡಿಲವೂ ಬೇಡ ಎಂದದ್ದನ್ನು ನಾವು ‘ಅರ್ಧಕ್ಕರ್ಧ’ ಎಂದು ಓದಿಬಿಡುತ್ತೇವೆ. ಶ್ರುತಿ ಮಾಡುವವರು ಎಲ್ಲ ತಂತಿಗೂ ಒಂದೇ ಸುತ್ತು ಕೊಡುವುದಿಲ್ಲ, ಸಡಿಲವಾದದ್ದಕ್ಕೆ ಹೆಚ್ಚು ಕೊಡುತ್ತಾರೆ. (ನಮ್ಮ ಊರಿನ ಕನ್ನಡದಲ್ಲಿ ‘ಅದು ಸಮ ಅಲ್ಲ’ ಎಂದರೆ ‘ಸರಿಯಲ್ಲ’ ಎಂದೇ ಅರ್ಥ. ಕನ್ನಡ ಟೀಚರಿಗೆ ಇದು ಬಹಳ ಇಷ್ಟ.)

ಈ ಭಾನುವಾರ ಮೂಡುಬಿದಿರೆಯಲ್ಲಿ ಸೇರುವಾಗ 16ನೇ ವಿಧಿಯ 4 ಮತ್ತು 4ಎ ಓದಿಕೊಂಡು ಬನ್ನಿ. ಆ ಹುಡುಗಿಯೇ ಪಾಠ ಶುರುಮಾಡುತ್ತಾಳೆ.

ಜೈಭೀಮ್ 💙