ಬಳೆ ಅಡವಿಟ್ಟು ಸರ್ಟಿಫಿಕೇಟ್ ತರಬೇಕೆ?

ಪ್ರಶ್ನೆ: ನನ್ನ ತಮ್ಮ ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷವಾಯಿತು. ಅರ್ಜಿ ಹಾಕಿ ಹಾಕಿ ಬೇಸತ್ತು ಈಗ ಮನೆಯಲ್ಲೇ ಇದ್ದಾನೆ. ಯಾರ ಜೊತೆಗೂ ಹೆಚ್ಚು ಮಾತಿಲ್ಲ. ಬೆಂಗಳೂರಿನ ಒಂದು ತರಬೇತಿ ಕೇಂದ್ರದವರು ಸಿಸಿಎನ್‌ಎ, ಎಡಬ್ಲ್ಯೂಎಸ್, ಡೆವಾಪ್ಸ್ ಮೂರನ್ನೂ ನಾಲ್ಕು ತಿಂಗಳಲ್ಲಿ ಕಲಿಸಿ ಕೆಲಸವನ್ನೂ ಕೊಡಿಸುತ್ತೇವೆ ಎಂದಿದ್ದಾರೆ. ಫೀಸು 95,000 ರೂಪಾಯಿ. ಅವ್ವ ಬಳೆ ಅಡವಿಡಲು ತಯಾರಾಗಿದ್ದಾಳೆ. ಅಪ್ಪ ‘ಕಾಗದಕ್ಕೆ ದುಡ್ಡು ಸುರಿಯಬೇಡಿ’ ಅನ್ನುತ್ತಾರೆ. ಇಂಥ ಸರ್ಟಿಫಿಕೇಟ್‌ನಿಂದ ನಿಜವಾಗಿ ಕೆಲಸ ಸಿಗುತ್ತದೆಯೇ?
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ಪ್ರಿಯ ಸಹೋದರಿ,

ಬಳೆ ಅಡವಿಡುವುದು ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಕಡೆ ‘ಈ ವಾರವೇ ಸೇರಿದರೆ ರಿಯಾಯಿತಿ’ ಎಂದು ಅವಸರ ಮಾಡುವುದುಂಟು. ಹಾಗೆಂದು ಅಪ್ಪನ ಮಾತೂ ಪೂರ್ತಿ ಸರಿಯಲ್ಲ. ಸರ್ಟಿಫಿಕೇಟ್‌ಗೆ ಬೆಲೆ ಇದೆ. ಯಾವುದಕ್ಕೆ, ಎಲ್ಲಿ, ಎಷ್ಟು ಎಂದು ತಿಳಿದುಕೊಂಡು ದುಡ್ಡು ಬಿಚ್ಚಬೇಕು.

ತರಬೇತಿ ಕೇಂದ್ರದವರು ಕೊನೆಗೆ ಕೊಡುವ ‘ಕೋರ್ಸ್ ಮುಗಿಸಿದ್ದಾರೆ’ ಎಂಬ ಪತ್ರ ಬೇರೆ, ಸಿಸ್ಕೊ ಅಥವಾ ಅಮೆಜಾನ್ ಕಂಪನಿ ತಾನೇ ಪರೀಕ್ಷೆ ನಡೆಸಿ ಕೊಡುವ ಸರ್ಟಿಫಿಕೇಟ್ ಬೇರೆ. ಮೊದಲನೆಯದಕ್ಕೆ ಇಂಟರ್‌ವ್ಯೂನಲ್ಲಿ ಯಾರೂ ಬೆಲೆ ಕೊಡುವುದಿಲ್ಲ. ಎರಡನೆಯದನ್ನು ಕಂಪನಿಯವರು ಆನ್‌ಲೈನ್‌ನಲ್ಲಿ ಪರಿಶೀಲಿಸಿ ನೋಡಬಹುದು. ಆ ಪರೀಕ್ಷೆ ಬರೆಯಲು ಯಾವ ಕೇಂದ್ರಕ್ಕೂ ಸೇರಬೇಕೆಂದಿಲ್ಲ, ನಿಮ್ಮ ತಮ್ಮ ನೇರವಾಗಿ ಹೆಸರು ನೋಂದಾಯಿಸಬಹುದು. ಸಿಸ್ಕೊದ ನೆಟ್‌ವರ್ಕ್ ಪರೀಕ್ಷೆಯಾದ ಸಿಸಿಎನ್‌ಎ ಶುಲ್ಕ 300 ಡಾಲರ್, ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆಯದು 150 ಡಾಲರ್, ಮೇಲೆ ತೆರಿಗೆ. ಆ 95,000ದಲ್ಲಿ ಈ ಶುಲ್ಕ ಸೇರಿದೆಯೇ ಎಂದು ಕೇಳಿ ನೋಡಿ.

ಇನ್ನು ಕೆಲಸದ ಮಾತು. ಸಾಫ್ಟ್‌ವೇರ್ ಬರೆಯುವ ಹುದ್ದೆಗೆ ಹೊಸಬರನ್ನು ತೆಗೆದುಕೊಳ್ಳುವಾಗ ಕೋಡಿಂಗ್ ಪರೀಕ್ಷೆಯೇ ಮುಖ್ಯ, ಸರ್ಟಿಫಿಕೇಟ್ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ನೆಟ್‌ವರ್ಕ್, ಲಿನಕ್ಸ್, ಕ್ಲೌಡ್, ಸೈಬರ್ ಭದ್ರತೆಯ ಕಡೆ ಬರುತ್ತದೆ. ಅದಕ್ಕೊಂದು ಕಾರಣವಿದೆ. ಅಮೆಜಾನ್, ಮೈಕ್ರೋಸಾಫ್ಟ್‌ಗಳ ಪಾಲುದಾರ ಕಂಪನಿಗಳು ತಮ್ಮ ದರ್ಜೆ ಉಳಿಸಿಕೊಳ್ಳಬೇಕಾದರೆ ಸರ್ಟಿಫಿಕೇಟ್ ಇರುವ ನೌಕರರು ಇಂತಿಷ್ಟು ಮಂದಿ ಇರಬೇಕು. ಹಾಗಾಗಿ ನೂರಾರು ಅರ್ಜಿಗಳ ನಡುವೆ ಅಂಥ ಒಂದು ಸಾಲು ಎಚ್.ಆರ್. ಕಣ್ಣಿಗೆ ಬೀಳುತ್ತದೆ. ಇಂಟರ್‌ವ್ಯೂ ಕರೆ ಬರುವ ಸಾಧ್ಯತೆ ಹೆಚ್ಚುತ್ತದೆ.

ಆದರೆ ಅಲ್ಲಿಂದಾಚೆಗೆ ಅದು ಕಾಪಾಡುವುದಿಲ್ಲ. ‘ಒಂದೇ ಸ್ವಿಚ್‌ಗೆ ಸೇರಿದ ಎರಡು ಕಂಪ್ಯೂಟರ್‌ಗಳು ಒಂದಕ್ಕೊಂದು ಪಿಂಗ್ ಆಗುತ್ತಿಲ್ಲ, ಏನೇನು ನೋಡುತ್ತೀರಿ?’ ಎಂದು ಎದುರಿಗಿದ್ದವರು ಕೇಳುತ್ತಾರೆ. ಕೈಯಾರೆ ಮಾಡಿದ ಹುಡುಗ ಕೇಬಲ್‌ನಿಂದ ಶುರು ಮಾಡಿ ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ವಿಲ್ಯಾನ್, ಫೈರ್‌ವಾಲ್ ಎಂದು ಒಂದೊಂದಾಗಿ ಹೇಳಿಕೊಂಡು ಹೋಗುತ್ತಾನೆ. ‘ಡಂಪ್ಸ್’ ಉರು ಹೊಡೆದು ಪಾಸಾದವನು ತಲೆ ತಗ್ಗಿಸುತ್ತಾನೆ. ಡಂಪ್ಸ್ ಎಂದರೆ ಸೋರಿಕೆಯಾದ ಪ್ರಶ್ನೋತ್ತರ. ಅದನ್ನು ಬಳಸಿದ್ದು ಗೊತ್ತಾದರೆ ಸರ್ಟಿಫಿಕೇಟೇ ರದ್ದಾಗುತ್ತದೆ. ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎಗೆ ಹೆಚ್ಚಿನ ಮರ್ಯಾದೆ ಇರುವುದು ಇದಕ್ಕೇ. ಅಲ್ಲಿ ಸರಿ ಉತ್ತರಕ್ಕೆ ಗುರುತು ಹಾಕುವ ಆಟವಿಲ್ಲ, ಲಿನಕ್ಸ್ ಯಂತ್ರದ ಮುಂದೆ ಕೂತು ಕೊಟ್ಟ ಕೆಲಸ ಮಾಡಿ ತೋರಿಸಬೇಕು.

ನಾಲ್ಕು ತಿಂಗಳಲ್ಲಿ ಮೂರೂ ಕಲಿಸುತ್ತೇವೆ ಎಂಬುದನ್ನು ನಾನು ನಂಬುವುದಿಲ್ಲ. ಲಿನಕ್ಸ್ ಮತ್ತು ನೆಟ್‌ವರ್ಕ್ ಗಟ್ಟಿಯಾಗದೆ ಡೆವಾಪ್ಸ್ ತಲೆಗೆ ಹತ್ತುವುದಿಲ್ಲ. ನಿಮ್ಮ ತಮ್ಮ ಎಲೆಕ್ಟ್ರಾನಿಕ್ಸ್‌ನವನು, ನೆಟ್‌ವರ್ಕ್ ವಿಷಯವನ್ನು ಕಾಲೇಜಿನಲ್ಲೇ ಓದಿರುತ್ತಾನೆ. ಅವನಿಗೆ ಇಷ್ಟವಿದ್ದರೆ ಸಿಸಿಎನ್‌ಎ ಒಂದನ್ನೇ ಹಿಡಿಯಲಿ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ. ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ರೂಟರ್, ಸ್ವಿಚ್ ಜೋಡಿಸಿ ಕಲಿಯಬಹುದು. ಐಐಟಿ ಮತ್ತು ಐಐಎಸ್‌ಸಿಯ ಪ್ರಾಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಇವೆ, ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಪರೀಕ್ಷಾ ಶುಲ್ಕ. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಕೂಡ ಉಚಿತ. ದಿನಾ ಮೂರು ತಾಸು ಕೂತರೆ ಐದಾರು ತಿಂಗಳು ಹಿಡಿದೀತು. ಪ್ಯಾಕೆಟ್ ಟ್ರೇಸರ್‌ನಲ್ಲಿ ಕೆಟ್ಟುಹೋದ ನೆಟ್‌ವರ್ಕ್ ಒಂದನ್ನು ಯಾರ ನೆರವೂ ಇಲ್ಲದೆ ಸರಿಮಾಡುವಷ್ಟು ಆದ ಮೇಲೆ ಪರೀಕ್ಷೆಗೆ ದುಡ್ಡು ಕಟ್ಟಲಿ. ಸಿಸಿಎನ್‌ಎ ಬಾಳಿಕೆ ಮೂರೇ ವರ್ಷ, ಹಾಗಾಗಿ ಪಾಸಾದ ಕೂಡಲೇ ಕೆಲಸ ಹುಡುಕಲು ಹೊರಡುವಂತಿರಬೇಕು.

ಮನೆಯಲ್ಲಿ ಒಬ್ಬನೇ ಕೂತು ಕಲಿಯಲು ಆಗದವರಿರುತ್ತಾರೆ. ಅಂಥವರಿಗೆ ತರಗತಿ ಬೇಕು. ಹಾಗಿದ್ದರೆ ಒಂದೇ ವಿಷಯಕ್ಕೆ, ಕಂತಿನಲ್ಲಿ ಫೀಸು ತೆಗೆದುಕೊಳ್ಳುವ ಕಡೆ ಸೇರಲಿ. ಮೊದಲು ಹಿಂದಿನ ಬ್ಯಾಚಿನ ನಾಲ್ಕು ಜನರ ಜೊತೆ ಮಾತಾಡಿ ಬರಲಿ. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂದವರನ್ನು, ಕೆಲಸ ಸಿಗದಿದ್ದರೆ ಹಣ ವಾಪಸ್ ಎಂದು ಬರೆದುಕೊಡುತ್ತೀರಾ ಎಂದು ಕೇಳಲಿ.

ಒಂದು ವಿಷಯದಲ್ಲಿ ನೀವು ಗಟ್ಟಿಯಾಗಿ ನಿಲ್ಲಲೇಬೇಕು. ಎರಡು ವರ್ಷದ ಗ್ಯಾಪ್ ನೋಡಿದವರು ‘ಎಕ್ಸ್‌ಪೀರಿಯನ್ಸ್ ಹಾಕಿಕೊಡುತ್ತೇವೆ’ ಎನ್ನಬಹುದು. ಎಂದೂ ಕೆಲಸ ಮಾಡದ ಕಂಪನಿಯ ಹೆಸರಿನಲ್ಲಿ ಪತ್ರ, ಸಂಬಳದ ಚೀಟಿ ಎಲ್ಲವನ್ನೂ ತಯಾರು ಮಾಡುತ್ತಾರೆ. ದೊಡ್ಡ ಕಂಪನಿಗಳು ಹಿಂದಿನ ಕೆಲಸದ ವಿವರವನ್ನು ಪಿಎಫ್ ದಾಖಲೆಯ ಜೊತೆಗಿಟ್ಟು ನೋಡುತ್ತವೆ. ಸುಳ್ಳು ಸಿಕ್ಕಿಬಿದ್ದರೆ ಸೇರಿ ವರ್ಷವಾಗಿದ್ದರೂ ಹೊರಗೆ ಹಾಕುತ್ತಾರೆ. ನಿರುದ್ಯೋಗದಿಂದ ಹೇಗಾದರೂ ಹೊರಬರಬಹುದು, ಈ ಕಳಂಕ ತೊಳೆಯುವುದು ಬಹಳ ಕಷ್ಟ.

ಗ್ಯಾಪ್ ತುಂಬಲು ನೇರ ದಾರಿಯೇ ಇದೆ. ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿಯಲ್ಲಿ ಮನೆಮನೆಗೆ ಫೈಬರ್ ಇಂಟರ್ನೆಟ್ ಕೊಡುವವರು, ಸಹಕಾರಿ ಬ್ಯಾಂಕು, ಆಸ್ಪತ್ರೆ, ಕಾಲೇಜು, ಎಲ್ಲರಿಗೂ ನೆಟ್‌ವರ್ಕ್ ನೋಡಿಕೊಳ್ಳುವವರು ಬೇಕು. ಸಂಬಳ ಕಡಿಮೆ, ಆದರೆ ಅದು ನಿಜವಾದ ಅನುಭವ. ಕೇಂದ್ರ ಸರ್ಕಾರದ ಎನ್‌ಎಟಿಎಸ್ ಪೋರ್ಟಲ್‌ನಲ್ಲಿ ಪದವೀಧರರಿಗೆ ಸ್ಟೈಪೆಂಡ್ ಸಹಿತ ಒಂದು ವರ್ಷದ ಅಪ್ರೆಂಟಿಸ್ ತರಬೇತಿಯ ಅವಕಾಶಗಳಿರುತ್ತವೆ, ಅಲ್ಲಿಯೂ ಅರ್ಜಿ ಹಾಕಲಿ. ಮುಂದೆ ಬೆಂಗಳೂರಿನಲ್ಲಿ ಸಿಗುವ ಮೊದಲ ಕೆಲಸವೂ ರಾತ್ರಿ ಪಾಳಿಯ ಸಪೋರ್ಟ್ ಕೆಲಸವೇ ಇರಬಹುದು. ಅದನ್ನು ಕೀಳೆಂದು ಮನೆಯವರು ಎಣಿಸಬಾರದು.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತಂದದ್ದು ‘ಯಾರ ಜೊತೆಗೂ ಹೆಚ್ಚು ಮಾತಿಲ್ಲ’ ಎಂಬ ಸಾಲು. ಕೋರ್ಸು, ಫೀಸು, ಬಳೆ ಎಂದು ಮನೆಯವರೆಲ್ಲ ಮಾತಾಡಿದ್ದೀರಿ, ಅವನ ಮಾತು ಮಾತ್ರ ಪತ್ರದಲ್ಲಿಲ್ಲ. ಅವನಿಗೆ ನೆಟ್‌ವರ್ಕ್ ಬೇಕೋ ಬೇಡವೋ ನನಗೂ ಗೊತ್ತಿಲ್ಲ. ಅಪ್ಪ ಅವ್ವ ಇಲ್ಲದ ಹೊತ್ತು ನೋಡಿ ನೀವೇ ಕೇಳಿ, ಉತ್ತರಕ್ಕೆ ಅವಸರ ಮಾಡಬೇಡಿ. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ ಇದ್ದರೆ, ಬದುಕೇ ಬೇಡವೆಂಬ ಮಾತು ಬಂದರೆ ಕೋರ್ಸಿನ ವಿಚಾರ ಬದಿಗಿಟ್ಟು ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.