ಕಾದ ಪ್ಲಾಸ್ಟಿಕ್ಕಿಗೆ ಯಾವ ಕೋಲು?

ಪ್ರಶ್ನೆ: ನಾವು ದೋರನಹಳ್ಳಿಯ ನಾಲ್ಕೈದು ಗೆಳೆಯರು. ರಜೆ ಬಂದರೆ ಕೊಳ್ಳೂರು ಸೇತುವೆ ಕಡೆ ಕೃಷ್ಣಾ ಹೊಳೆಗೆ ಗಾಳ ಹಾಕಲು ಹೋಗುತ್ತೇವೆ. ಕೊರವ ಮೀನಿಗೆ ಮೆತ್ತನೆ ಪ್ಲಾಸ್ಟಿಕ್ಕಿನ ಕಪ್ಪೆ, ಹುಳ ಕಟ್ಟಿದರೆ ಚಲೋ ಹಿಡಿಯುತ್ತದೆ. ಅಂಗಡಿಯಲ್ಲಿ ಬೆಲೆ ಜಾಸ್ತಿ. ಅದಕ್ಕೇ ಪ್ಲಾಸ್ಟಿಸಾಲ್ ದ್ರವ, ಅಚ್ಚು ತರಿಸಿಕೊಂಡು ಮನೆಯಲ್ಲೇ ಮಾಡುತ್ತಿದ್ದೇವೆ. ಹೊಲದಿಂದ ತಂದ ತೊಗರಿ ಕಟ್ಟಿಗೆಯಲ್ಲಿ ಕಲಕುತ್ತೇವೆ. ಈಚೆಗೆ ಚಟಚಟ ಸಿಡಿದು ಒಬ್ಬನ ಮುಂಗೈ ಸುಟ್ಟಿತು. ಯಾವುದರಿಂದ ಕಲಕಬೇಕು?

ಉತ್ತರ: ಸಿಡಿದದ್ದು ನಿಮ್ಮ ಪ್ಲಾಸ್ಟಿಕ್ ಅಲ್ಲ, ಕಟ್ಟಿಗೆಯೊಳಗಿನ ನೀರು. ಪ್ಲಾಸ್ಟಿಸಾಲ್ ಎಂದರೆ ಪಿವಿಸಿಯ ನುಣ್ಣನೆ ಪುಡಿಯನ್ನು ಮೆತುಕಾರಕ ಎಣ್ಣೆಯಲ್ಲಿ ಬೆರೆಸಿದ ಹಾಲಿನಂಥ ದ್ರವ. ಕಾಯಿಸಿದಾಗ ಮೊದಲು ಗಟ್ಟಿಯಾಗುತ್ತದೆ. ಸುಮಾರು 170 ಡಿಗ್ರಿ ಸೆಲ್ಸಿಯಸ್‌ ಹತ್ತಿರ ಮತ್ತೆ ತೆಳುವಾಗಿ, ತಿಳಿಯಾಗಿ, ಅಚ್ಚಿಗೆ ಸುರಿಯುವ ಹದಕ್ಕೆ ಬರುತ್ತದೆ. ಆ ಕಾವಿನಲ್ಲಿ ನೀರಿನ ಹನಿ ತಕ್ಷಣ ಆವಿಯಾಗಿ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಮಿರ್ಚಿ ಭಜಿಯ ಬಾಣಲೆಗೆ ನೀರು ಬಿದ್ದರೆ ಏನಾಗುತ್ತದೋ ಇಲ್ಲಿಯೂ ಅದೇ. ಆದರೆ ಎಣ್ಣೆ ಜಾರಿ ಹೋಗುತ್ತದೆ, ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿ ಕೂತು ಸುಡುತ್ತಲೇ ಇರುತ್ತದೆ. 60 ಡಿಗ್ರಿಯ ನೀರೇ ಕೆಲವು ಸೆಕೆಂಡಿನಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲದು ಎಂಬುದನ್ನು ನೆನಪಿಡಿ.

ತೊಗರಿ ಕಟ್ಟಿಗೆ ನಮ್ಮ ಭಾಗದಲ್ಲಿ ಎಲ್ಲೆಲ್ಲೂ ಸಿಗುತ್ತದೆ. ಕೈಗೆ ಸಿಕ್ಕಿದ್ದನ್ನು ಬಳಸಿದಿರಿ, ತಪ್ಪಿಲ್ಲ. ಆದರೆ ಅದರ ಒಳಗೆ ಬೆಂಡು ಇರುತ್ತದೆ. ಹೊರಗಿನಿಂದ ಒಣಗಿದಂತೆ ಕಂಡರೂ ಬೆಂಡು ತೇವ ಹಿಡಿದಿಟ್ಟುಕೊಳ್ಳುತ್ತದೆ. ಹಸಿ ಬೇವಿನ ಕಡ್ಡಿ, ಜಾಲಿ ಕಡ್ಡಿ ಅದಕ್ಕಿಂತ ಅಪಾಯ. ಐಸ್‌ಕ್ರೀಮ್ ಕಡ್ಡಿ ಒಣಗಿದ್ದರೂ ಗಿಡ್ಡ, ಬೆರಳು ಪಾತ್ರೆಯ ಬಾಯಿಗೇ ಬರುತ್ತದೆ. ಪ್ಲಾಸ್ಟಿಕ್ ಚಮಚ ಕಾವಿಗೆ ಮೆತ್ತಗಾಗಿ ಬಾಗುತ್ತದೆ. ಗಾಜಿನ ಕಡ್ಡಿ ತಣ್ಣಗಿದ್ದದ್ದು ಒಮ್ಮೆಲೇ ಕಾದರೆ ಸೀಳಬಹುದು.

ನನ್ನ ಆಯ್ಕೆ ಸ್ಟೀಲಿನದು. ಕನಿಷ್ಠ ಒಂದು ಗೇಣು ಉದ್ದದ, ಹಿಡಿಕೆಗೆ ಮರ ಇರುವ, ತುದಿ ಚಪ್ಪಟೆಯಾದ ಸೌಟು ತೆಗೆದುಕೊಳ್ಳಿ. ಬರೀ ಸ್ಟೀಲ್ ಹಿಡಿಕೆ ನಿಮಿಷದಲ್ಲಿ ಕಾದು ಕೈ ಬಿಡಿಸುತ್ತದೆ, ಕೈ ಬಿಟ್ಟಾಗಲೇ ಪಾತ್ರೆ ಮಗುಚುವುದು. ಚಪ್ಪಟೆ ತುದಿ ಏಕೆಂದರೆ ಮೊದಲು ಹೊತ್ತುವುದು ತಳ ಮತ್ತು ಅಂಚು. ಗುಂಡಗಿನ ಕೋಲು ನಡುವೆ ತಿರುಗುತ್ತಿರುತ್ತದೆ, ಅಂಚಿನಲ್ಲಿ ಪಿವಿಸಿ ಕಪ್ಪಾಗುತ್ತಿರುತ್ತದೆ. 230 ಡಿಗ್ರಿ ತಡೆಯುತ್ತದೆ ಎಂದು ಬರೆದಿರುವ ಸಿಲಿಕೋನ್ ಸೌಟೂ ಆದೀತು. ಮೈಕ್ರೋವೇವ್‌ನಲ್ಲಿ ಕಾಯಿಸುವವರು ಸ್ಟೀಲ್ ಸೌಟನ್ನು ಒಳಗೆ ಬಿಡಬಾರದು. ಯಾವುದೇ ಇರಲಿ, ಬಳಸುವ ಮೊದಲು ಒಣಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಇಡಿ. ಅಚ್ಚಿಗೂ ಇದೇ ಮಾತು. ನಿಧಾನವಾಗಿ ಕಲಕಿ, ಜೋರಾಗಿ ತಿರುವಿದರೆ ಗಾಳಿ ಸೇರಿ ಗುಳ್ಳೆ ಏಳುತ್ತದೆ, ಕೈಮೇಲೂ ಸಿಡಿಯುತ್ತದೆ.

ಬಿಸಿ ಪಾತ್ರೆ ಇಳಿಸಲು ಒದ್ದೆ ಮಸಿಬಟ್ಟೆ ಹಿಡಿಯುವ ರೂಢಿ ನಮ್ಮ ಅಡುಗೆಮನೆಗಳಲ್ಲಿದೆ. ಇಲ್ಲಿ ಅದು ಎರಡು ಬಗೆಯ ಅಪಾಯ: ಒದ್ದೆ ಬಟ್ಟೆ ಕಾವನ್ನು ಬೇಗ ಕೈಗೆ ದಾಟಿಸುತ್ತದೆ, ಅದರಿಂದ ಹನಿ ಜಿನುಗಿದರೆ ಪ್ಲಾಸ್ಟಿಕ್ ಸಿಡಿಯುತ್ತದೆ. ಚರ್ಮದ ಕೈಗವಸು, ತುಂಬು ತೋಳಿನ ಹತ್ತಿ ಅಂಗಿ, ಕಾಲು ಮುಚ್ಚುವ ಬೂಟು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ನೈಲಾನ್ ಬಟ್ಟೆ ಹಾಕಬೇಡಿ, ಅದೂ ಕರಗಿ ಮೈಗೆ ಅಂಟುತ್ತದೆ.

ಇನ್ನೊಂದು ಮಾತು, ನಿಮ್ಮೂರಿನವರಿಗೆ ಹೇಳಲು ನನಗೂ ಭಾರವೇ. 2022ರ ಫೆಬ್ರವರಿಯಲ್ಲಿ ದೋರನಹಳ್ಳಿಯ ಸೀಮಂತದ ಮನೆಯಲ್ಲಿ ಸಿಲಿಂಡರಿನ ಅನಿಲ ಸೋರಿ ಬೆಂಕಿ ಹೊತ್ತಿತು. ಹಲವರು ಜೀವ ಕಳೆದುಕೊಂಡರು. ಬೆಂಕಿ ಏನು ಮಾಡುತ್ತದೆ ಎಂದು ನಿಮಗೆ ಹೊರಗಿನವರು ಹೇಳಬೇಕಾಗಿಲ್ಲ. ಈ ಕೆಲಸವನ್ನು ಮನೆಯೊಳಗೆ, ಸಿಲಿಂಡರ್ ಪಕ್ಕ, ಮಕ್ಕಳು ಓಡಾಡುವಲ್ಲಿ ಮಾಡಬೇಡಿ. ಬಯಲಿನಲ್ಲಿ, ಗಾಳಿ ನಿಮ್ಮ ಬೆನ್ನಿಗೆ ಬರುವಂತೆ ನಿಂತು ಮಾಡಿ. ಒಂದು ಬಕೆಟ್ ನೀರು ದೂರದಲ್ಲಿರಲಿ. ಅದು ಸುಟ್ಟ ಕೈಗೆ, ಹೊತ್ತಿದ ಪಾತ್ರೆಗಲ್ಲ. ಪಾತ್ರೆಯಲ್ಲಿ ಬೆಂಕಿ ಕಂಡರೆ ಒಲೆ ಆರಿಸಿ, ಮುಚ್ಚಳ ಮುಚ್ಚಿ.

ಪ್ರಶ್ನೆ: ಸುಟ್ಟ ಕೈಗೆ ಟೂತ್‌ಪೇಸ್ಟ್ ಹಚ್ಚಿದೆವು. ಅಂಟಿದ ಪ್ಲಾಸ್ಟಿಕ್ ಕಿತ್ತೆವು. ಸರಿಯೇ?

ಉತ್ತರ: ಎರಡೂ ಬೇಡವಿತ್ತು. ಕಿತ್ತರೆ ಚರ್ಮವೂ ಜೊತೆಗೆ ಬರುತ್ತದೆ. ಅಂಟಿದ್ದು ಅಂಟಿದಂತೆಯೇ ಇರಲಿ, ಹರಿಯುವ ತಣ್ಣೀರಿನ ಕೆಳಗೆ ಪೂರ್ತಿ 20 ನಿಮಿಷ ಹಿಡಿಯಿರಿ. ಮಂಜುಗಡ್ಡೆ ಬೇಡ. ಉಂಗುರ, ಕಡಗ, ಗಡಿಯಾರ ಬಾವು ಬರುವ ಮೊದಲೇ ತೆಗೆಯಿರಿ. ಟೂತ್‌ಪೇಸ್ಟ್, ಅರಿಶಿನ, ಇಂಕು, ಎಣ್ಣೆ ಯಾವುದೂ ಬೇಡ. ಅವು ಕಾವನ್ನು ಒಳಗೇ ಹಿಡಿದಿಡುತ್ತವೆ, ವೈದ್ಯರಿಗೆ ಗಾಯದ ಆಳ ಕಾಣದಂತೆ ಮಾಡುತ್ತವೆ. ಶುಚಿಯಾದ ಬಟ್ಟೆ ಸಡಿಲವಾಗಿ ಮುಚ್ಚಿ. ಅಂಗೈಗಿಂತ ದೊಡ್ಡ ಸುಟ್ಟಗಾಯ, ಮುಖ, ಬೆರಳು, ಕೀಲಿನ ಮೇಲಿನದು, ಬಿಳುಪಾಗಿ ನೋವೇ ಇಲ್ಲದ ಗಾಯ, ಮಕ್ಕಳ ಸುಟ್ಟಗಾಯ ಇವಕ್ಕೆ ತಡ ಮಾಡದೆ ಶಹಾಪುರ ತಾಲ್ಲೂಕು ಆಸ್ಪತ್ರೆಗೆ ಹೋಗಿ, 108ಕ್ಕೆ ಕರೆ ಮಾಡಿ. ನೋವಿಲ್ಲದ್ದು ಒಳ್ಳೆಯ ಸೂಚನೆಯಲ್ಲ, ಸುಟ್ಟದ್ದು ನರದವರೆಗೆ ಇಳಿದಿದೆ ಎಂದರ್ಥ. ಟಿಟಿ ಚುಚ್ಚುಮದ್ದು ತೆಗೆದುಕೊಂಡು ವರ್ಷಗಳಾಗಿದ್ದರೆ ಅದನ್ನೂ ಹಾಕಿಸಿ. ನಿಮ್ಮ ಗೆಳೆಯ ಇಂದೇ ತೋರಿಸಿಕೊಳ್ಳಲಿ.

ಪ್ರಶ್ನೆ: ಮಗ ಈ ಪ್ಲಾಸ್ಟಿಸಾಲನ್ನು ಅಡುಗೆಮನೆಯ ಸೌಟಿನಿಂದಲೇ ಕಲಕುತ್ತಾನೆ. ಸೊಸೆ ಬಸುರಿ. ಬೂದಿ ಹಚ್ಚಿ ತಿಕ್ಕಿ ತೊಳೆದರೆ ಸಾಕೇ?

ಉತ್ತರ: ಸಾಲದು ತಾಯಿ. ಆ ಸೌಟು ಇನ್ನು ಅಡುಗೆಮನೆಗೆ ಬರಬಾರದು. ಮೆತುಕಾರಕ ಎಣ್ಣೆಗಳಲ್ಲಿ ಹಲವು ಥ್ಯಾಲೇಟ್ ಜಾತಿಯವು. ಇವು ನೀರಿಗಿಂತ ಎಣ್ಣೆ, ತುಪ್ಪದಲ್ಲಿ ಸುಲಭವಾಗಿ ಕರಗುತ್ತವೆ. ಮರದ ಸೌಟಾದರೆ ಒಳಗೇ ಹೀರಿಕೊಂಡಿರುತ್ತದೆ, ಒಗ್ಗರಣೆಯಲ್ಲಿ ಬಿಟ್ಟುಕೊಡುತ್ತದೆ. ಕೆಲವು ಥ್ಯಾಲೇಟ್‌ಗಳು ಗಂಡು ಭ್ರೂಣದ ಜನನಾಂಗದ ಬೆಳವಣಿಗೆಗೆ ಅಡ್ಡಿ ಮಾಡುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. 2008ರಲ್ಲಿ ಅಮೆರಿಕ ಮಕ್ಕಳ ಆಟಿಕೆಗಳಲ್ಲಿ ಇಂಥ ಕೆಲವನ್ನು ಶೇ 0.1ಕ್ಕೆ ಮಿತಿಗೊಳಿಸಿತು. ಒಂದೆರಡು ಬಾರಿ ಆ ಸೌಟಿನ ಸಾರು ಉಂಡದ್ದಕ್ಕೆ ಹೆದರಬೇಡಿ, ತಪಾಸಣೆಗಳನ್ನು ಎಂದಿನಂತೆ ಮುಂದುವರಿಸಿ. ಸೌಟಿಗೆ ಬಣ್ಣದ ದಾರ ಕಟ್ಟಿ, ಪಾತ್ರೆಯೊಂದಿಗೆ ಗಾಳದ ಸಾಮಾನಿನ ಡಬ್ಬಿಯಲ್ಲಿಡಲು ಮಗನಿಗೆ ಹೇಳಿ. ಕಾಯಿಸುವಾಗ ಸೊಸೆ ಹತ್ತಿರ ಸುಳಿಯಬಾರದು.

ಪ್ರಶ್ನೆ: ಕಾಯಿಸುವಾಗ ಗಂಟಲು ಕೆರೆತ, ಕಣ್ಣು ಉರಿ. ಬಟ್ಟೆ ಮಾಸ್ಕ್ ಸಾಕೇ?

ಉತ್ತರ: ಇಲ್ಲ. ಪಿವಿಸಿ ಅತಿಯಾಗಿ ಕಾದರೆ ಹಳದಿಯಾಗಿ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಗಂಟಲಿನ, ಕಣ್ಣಿನ ತೇವಕ್ಕೆ ತಾಗಿದೊಡನೆ ಅದು ಆಮ್ಲವಾಗುತ್ತದೆ. ಬಟ್ಟೆಯಾಗಲಿ ಎನ್–95 ಆಗಲಿ ಅನಿಲವನ್ನು ತಡೆಯುವುದಿಲ್ಲ. ಬಣ್ಣ ತಿರುಗಿತೆಂದರೆ ಒಲೆ ಆರಿಸಿ ದೂರ ಸರಿಯಿರಿ. ಅಸ್ತಮಾ ಇರುವವರು ಈ ಕೆಲಸಕ್ಕೆ ಬರಲೇಬಾರದು.

ಪ್ರಶ್ನೆ: ದುಡ್ಡು ಉಳಿಸಲು ಹಳೆ ಚಪ್ಪಲಿ, ವೈರಿನ ಸಿಪ್ಪೆ, ಪೈಪಿನ ತುಂಡು ಸೇರಿಸಬಹುದೇ?

ಉತ್ತರ: ಖಂಡಿತ ಬೇಡ. ಹಳೆ ಪಿವಿಸಿ ಪೈಪು, ವೈರುಗಳಿಗೆ ಪ್ಲಾಸ್ಟಿಕ್ ಕಾವಿಗೆ ಕೆಡದಂತೆ ಸೀಸದ ಸಂಯುಕ್ತ ಹಾಕುತ್ತಿದ್ದರು. ಪೈಪುಗಳಲ್ಲಿ ಅದನ್ನು ನಿಲ್ಲಿಸಲೆಂದೇ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಮಗುವಿನ ರಕ್ತದಲ್ಲಿ ಸೀಸ ಎಷ್ಟಿದ್ದರೆ ಅಪಾಯವಿಲ್ಲ ಎಂಬ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಪ್ಪಲಿಯಲ್ಲಿ ಏನೇನು ಬೆರೆತಿದೆ ಎಂದು ಮಾಡಿದವರಿಗಷ್ಟೇ ಗೊತ್ತು. ಇವೆಲ್ಲ ಗುಜರಿಗೆ ಹೋಗಲಿ. ಹರಿದುಹೋದ ನಿಮ್ಮವೇ ಪ್ಲಾಸ್ಟಿಕ್ ಹುಳಗಳನ್ನು ಮತ್ತೆ ಕರಗಿಸಬಹುದು, ಆದರೆ ಹೊಳೆಯ ನೀರು ಪೂರ್ತಿ ಆರುವವರೆಗೆ ಬಿಸಿಲಿಗೆ ಒಣಗಿಸಿದ ಮೇಲೆ ಮಾತ್ರ.