ತಾರಸಿಯ ಮೇಲೆ ಕಾಯಿಪಲ್ಯದ ತೋಟ

ಬೆಂಗಳೂರಿನ ಸದಾಶಿವನಗರದಂತಹ ಬಡಾವಣೆಗಳ ಬಹುಮಹಡಿ ಕಟ್ಟಡಗಳಲ್ಲಿ ಸ್ವಂತ ತಾರಸಿಯುಳ್ಳವರು ಕಾಯಿಪಲ್ಯ ಬೆಳೆಯಲು ಅಪೇಕ್ಷಿಸುವುದು ಸಂತೋಷಕರವಾದುದು. ಆದರೆ ಬಿತ್ತುವುದಕ್ಕೆ ಮೊದಲು ಭಾರವನ್ನು ಲೆಕ್ಕಹಾಕತಕ್ಕದ್ದು. ಒಂದು ಚದರ ಮೀಟರು ಸ್ಥಳದಲ್ಲಿ 30 ಸೆಂಟಿಮೀಟರು ದಪ್ಪವಾಗಿ ಹರಡಿದ ಮಣ್ಣು, ನೀರುಂಡಾಗ, ಸುಮಾರು 500 ಕಿಲೋಗ್ರಾಮು ತೂಗುವುದು. ಜನರು ಓಡಾಡುವ ತಾರಸಿಯನ್ನಾದರೋ ಸಾಧಾರಣವಾಗಿ ಸುಮಾರು 150 ಕಿಲೋಗ್ರಾಮು ಭಾರವನ್ನು ಎಣಿಸಿ ಕಟ್ಟಿರುತ್ತಾರೆ. ಇದನ್ನು ಮರೆತರೆ ಅಪಾಯವು ಕೆಳಮನೆಯವರಿಗೆ.

ಆದುದರಿಂದ ಮಣ್ಣನ್ನು ತಾರಸಿಯ ತುಂಬ ಹರಡಕೂಡದು. ಮಣ್ಣು, ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಗೊಬ್ಬರ, ಇವನ್ನು ಸಮಭಾಗವಾಗಿ ಬೆರಸಿ ಕುಂಡಗಳಿಗೆ ತುಂಬಿದರೆ ಭಾರವು ತಗ್ಗುವುದು. ಸೊಪ್ಪಿಗೆ 15 ಸೆಂಟಿಮೀಟರು ಆಳವೇ ಸಾಕು. ಬದನೆ, ಟೊಮೇಟೊಗಳಿಗೆ 30 ಬೇಕು. ದೊಡ್ಡ ಕುಂಡಗಳನ್ನು ತೊಲೆಗಳ ನೇರದಲ್ಲಿ, ಇಟ್ಟಿಗೆಗಳ ಮೇಲೆ, ನೀರು ನಿಲ್ಲದಂತೆ ಇರಿಸತಕ್ಕದ್ದು. ತೊಲೆಗಳ ಸ್ಥಾನವನ್ನು ಮೊದಲೇ ಇಂಜಿನಿಯರರಿಂದ ತಿಳಿದುಕೊಳ್ಳುವುದು ಕ್ಷೇಮಕರ.